ರಸ್ತೆಗೆ ಕಾಣದ ಮನೆ

ಈಚಿನ ವರ್ಷಗಳಲ್ಲಿ ನಮ್ಮ ಮಧ್ಯಮ ವರ್ಗದ ಮಾತುಕತೆಯಲ್ಲಿ ಒಂದು ಕನಸು ಮತ್ತೆ ಮತ್ತೆ ಕೇಳಿಬರುತ್ತಿದೆ. ಬೆಂಗಳೂರಿನಿಂದ ಎರಡು ಮೂರು ಗಂಟೆಯ ದಾರಿ. ಡಾಂಬರು ರಸ್ತೆ ಬಿಟ್ಟು ಮಣ್ಣಿನ ಹಾದಿಗೆ ಇಳಿಯಬೇಕು. ಒಂದು ತಿರುವು ದಾಟಿದ ಮೇಲೆ ಮರಗಳ ಸಾಲು, ಅದರ ಹಿಂದೆ ಹೆಂಚಿನ ಮನೆ, ಒಂದು ಬಾವಿ, ನಾಲ್ಕು ತೆಂಗು. ದಾರಿಯಲ್ಲಿ ಹೋಗುವವರಿಗೆ ಅಲ್ಲೊಂದು ಮನೆಯಿದೆ ಎಂಬುದೇ ತಿಳಿಯಬಾರದು. ಕಂಪ್ಯೂಟರ್ ಕಂಪನಿಯ ನೌಕರ, ನಿವೃತ್ತ ಅಧ್ಯಾಪಕ, ಕೊಲ್ಲಿ ದೇಶದಿಂದ ಮರಳಿದ ಗೃಹಸ್ಥ, ಕವಿತೆ ಬರೆಯುವ ತರುಣ, ಎಲ್ಲರ ಕನಸೂ ಹೆಚ್ಚುಕಡಿಮೆ ಒಂದೇ. ಬ್ರೋಕರ್‌ಗಳ ಕರಪತ್ರಗಳಲ್ಲಿ ಇದು ‘ಫಾರ್ಮ್ ಹೌಸ್’ ಆಗುತ್ತದೆ, ಭಾವಗೀತೆಗಳಲ್ಲಿ ಗುಡಿಸಲಾಗುತ್ತದೆ.

ಇದನ್ನು ಗೇಲಿ ಮಾಡುವುದು ನಮ್ಮ ಉದ್ದೇಶವಲ್ಲ. ನಗರದ ಗದ್ದಲ, ಹೊಗೆ, ಬಾಡಿಗೆಯ ಭಾರ, ದಿನಕ್ಕೆ ಎರಡು ಮೂರು ಗಂಟೆ ಬಸ್ಸಿನಲ್ಲೇ ಕಳೆದುಹೋಗುವ ಆಯಸ್ಸು, ಇವೆಲ್ಲ ಸುಳ್ಳಲ್ಲ. ದಣಿದ ಮನುಷ್ಯ ನೆರಳು ಬಯಸುವುದು ಸಹಜ. ಆದರೆ ಕನಸನ್ನೂ ಒಂದು ಕೃತಿಯಂತೆ ಓದಬಹುದು. ಅದರಲ್ಲಿ ಯಾರಿದ್ದಾರೆ, ಯಾರಿಲ್ಲ, ಅದು ಯಾವ ನೆಲದ ಚಿತ್ರವನ್ನು ಎರವಲು ತಂದಿದೆ ಎಂದು ಕೇಳಬಹುದು. ಈ ಪ್ರಶ್ನೆಗಳನ್ನು ಬರಿಯ ಗಾಳಿಯಲ್ಲಿ ಕೇಳುವ ಬದಲು ಒಂದು ನಿರ್ದಿಷ್ಟ ಸೀಮೆಯಲ್ಲಿ ನಿಂತು ಕೇಳುವುದು ಒಳ್ಳೆಯದು. ಅದಕ್ಕಾಗಿ ನಾವು ಮಧುಗಿರಿ ತಾಲ್ಲೂಕಿನ ಪುರವರ ಹೋಬಳಿಯನ್ನೂ ಅದರ ಸುತ್ತಲಿನ ಕೊರಟಗೆರೆ, ಸಿರಾ, ಪಾವಗಡಗಳನ್ನೂ ಆರಿಸಿಕೊಂಡಿದ್ದೇವೆ.

ಇದು ಬಯಲುಸೀಮೆ. ರಾಗಿ, ಕಡ್ಲೆಕಾಯಿ, ಹುಣಸೆ, ಹೊಂಗೆಯ ನಾಡು. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿಗಳನ್ನು ಹಾಯ್ದು ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿ ನದಿ ವರ್ಷದ ಹೆಚ್ಚಿನ ಕಾಲ ಮರಳಾಗಿಯೇ ಇರುತ್ತದೆ. ಮಧುಗಿರಿಯ ಏಕಶಿಲಾ ಬೆಟ್ಟ ಹರದಾರಿ ದೂರಕ್ಕೂ ಕಾಣಿಸುತ್ತದೆ. ಹೊಲದ ನಡುವೆ ಒಂಟಿಮನೆ ಕಟ್ಟಿದರೆ ಅದು ಮರೆಯಾಗುವುದಿಲ್ಲ, ಎದ್ದು ಕಾಣುತ್ತದೆ. ಇದೇ ತಾಲ್ಲೂಕಿನ ಮೈದನಹಳ್ಳಿಯ ಬಳಿ ಸುಮಾರು 798 ಎಕರೆ ಹುಲ್ಲುಗಾವಲಿದೆ. 2007ರಲ್ಲಿ ಅದನ್ನು ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಕೃಷ್ಣಮೃಗ ಪೊದೆಯಲ್ಲಿ ಅಡಗಿ ಬದುಕುವ ಪ್ರಾಣಿಯಲ್ಲ. ಬಟ್ಟಬಯಲಿನಲ್ಲಿ ದೂರದವರೆಗೆ ನೋಡುವುದು, ಹಿಂಡಿನಲ್ಲಿರುವುದು, ಅಪಾಯ ಕಂಡರೆ ಓಡುವುದು, ಇವೇ ಅದರ ರಕ್ಷಣೆ. ಈ ಸೀಮೆಯ ಹಳ್ಳಿಗಳೂ ಹೆಚ್ಚುಕಡಿಮೆ ಹಾಗೆಯೇ ಕಟ್ಟಿಕೊಂಡಿವೆ. ಮನೆಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಹೊಲ ಊರಾಚೆ ಇದೆ.

ಹಾಗಾದರೆ ರಸ್ತೆಗೆ ಕಾಣದ ಮನೆಯ ಚಿತ್ರ ನಮ್ಮ ಮನಸ್ಸಿಗೆ ಬಂದದ್ದೆಲ್ಲಿಂದ? ಬಹುಪಾಲು ಮಲೆನಾಡಿನಿಂದ, ಅದಕ್ಕಿಂತ ಹೆಚ್ಚಾಗಿ ಮಲೆನಾಡಿನ ಸಾಹಿತ್ಯದಿಂದ. ಅಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಕಾಡು, ಗದ್ದೆ, ಹಳ್ಳ ಇರುವುದು ನೆಲದ ಸ್ವಭಾವ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936), ‘ಮಲೆಗಳಲ್ಲಿ ಮದುಮಗಳು’ (1967) ಓದಿ ಬೆಳೆದ ನಮಗೆ ಮನೆಯೆಂದರೆ ಮರಗಳ ನಡುವೆ ಹುದುಗಿದ ಚೌಕಿಮನೆ ಎಂಬ ಆಸೆ ಹುಟ್ಟಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ಕಾದಂಬರಿಗಳನ್ನು ಇನ್ನೊಮ್ಮೆ ಓದಬೇಕು. ಹೆಗ್ಗಡೆಯ ಮನೆಯ ಏಕಾಂತ ನಿಂತಿರುವುದು ಅದರ ಹಿಂದಿನ ಬೇಲರ ಹಟ್ಟಿಗಳ ಮೇಲೆ, ಜೀತದ ಮೇಲೆ. ‘ಮದುಮಗಳು’ ಕಾದಂಬರಿಯಲ್ಲಿ ಆ ಅಡಗಿದ ಮನೆಗಳನ್ನು ಒಂದಕ್ಕೊಂದು ಜೋಡಿಸುವವನು ಹೊಲೆಯರ ಗುತ್ತಿ. ಹುಲಿಯ ಎಂಬ ತನ್ನ ನಾಯಿಯೊಡನೆ ಅವನು ಕಾಡುದಾರಿಯಲ್ಲಿ ನಡೆಯದಿದ್ದರೆ ಆ ಕತೆಯೇ ಇಲ್ಲ. ಅದೇ ದಾರಿಯಲ್ಲಿ ಓಡಾಡುವ ಸಾಬರೂ ಅಲ್ಲಿದ್ದಾರೆ. ಅವರ ಚಿತ್ರಣದ ಬಗ್ಗೆ ನಮಗೆ ತಕರಾರುಗಳಿವೆ, ಅದು ಬೇರೆ ಚರ್ಚೆ. ಇಲ್ಲಿ ಗಮನಿಸಬೇಕಾದ ಸಂಗತಿ ಇಷ್ಟೇ: ಕುವೆಂಪು ಮನೆಯನ್ನು ಮಾತ್ರ ಬರೆಯಲಿಲ್ಲ, ದಾರಿಯನ್ನೂ ಬರೆದರು. ನಮ್ಮ ಕನಸು ಮನೆಯನ್ನು ಉಳಿಸಿಕೊಂಡು ದಾರಿಯನ್ನು ಅಳಿಸಿಹಾಕಿತು.

ಕನ್ನಡದಲ್ಲಿ ಮರೆಯ ಮನೆಯ ಬಗ್ಗೆ ಬಂದ ಅತ್ಯುತ್ತಮ ಕೃತಿ ಶಿವರಾಮ ಕಾರಂತರ ‘ಬೆಟ್ಟದ ಜೀವ’ (1943). ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ಕತ್ತಲಾಗುವ ಹೊತ್ತಿಗೆ ದಾರಿ ತಪ್ಪಿದ ನಿರೂಪಕನನ್ನು ದೇರಣ್ಣ, ಬಟ್ಯ ಎಂಬ ಇಬ್ಬರು ಗೋಪಾಲಯ್ಯನವರ ಮನೆಗೆ ಕರೆತರುತ್ತಾರೆ. ಕಾಡು ಕಡಿದು ತೋಟ ಮಾಡಿದ ಮುದುಕ, ಅವರ ಹೆಂಡತಿ ಶಂಕರಮ್ಮ. ಮೇಲುನೋಟಕ್ಕೆ ಇದು ಇಂದಿನ ಕನಸುಗಾರರ ಸ್ವರ್ಗವೇ. ಆದರೆ ಆ ಮನೆಯಲ್ಲಿ ಒಂದು ನೋವಿದೆ. ಮನೆ ಬಿಟ್ಟು ಹೋದ ಮಗ ಶಂಭು ಮರಳಿ ಬಂದಿಲ್ಲ. ಗುರುತು ಪರಿಚಯವಿಲ್ಲದ ದಾರಿಹೋಕನಿಗೆ ಆ ದಂಪತಿಗಳು ಸುರಿಯುವ ಅಕ್ಕರೆಯಲ್ಲಿ ಈ ಕಾಯುವಿಕೆಯೂ ಬೆರೆತಿದೆ. ಬಂದವನನ್ನು ಬೇಗ ಕಳಿಸಲು ಅವರಿಗೆ ಮನಸ್ಸೇ ಬರುವುದಿಲ್ಲ. ಮನೆ ರಸ್ತೆಯಿಂದ ಎಷ್ಟೇ ದೂರವಿರಲಿ, ಅದರ ಕಿವಿಯೆಲ್ಲ ದಾರಿಯ ಕಡೆಗಿದೆ. ಏಕಾಂತವನ್ನು ಹಾಡಿಹೊಗಳುವ ಕೃತಿಯೆಂದು ಇದನ್ನು ಓದಿದವರು ಅದರ ಅರ್ಧವನ್ನಷ್ಟೇ ಓದಿದ್ದಾರೆ ಎನಿಸುತ್ತದೆ.

ಪೂರ್ಣಚಂದ್ರ ತೇಜಸ್ವಿಯವರ ಬಗೆಗೂ ಇಂಥದೇ ಅರ್ಧ ಓದು ನಡೆದಿದೆ. ಮೈಸೂರು ಬಿಟ್ಟು ಮೂಡಿಗೆರೆಯ ಕಡೆ ಹೋಗಿ ತೋಟ ಮಾಡಿದ ಲೇಖಕ, ‘ನಿರುತ್ತರ’ ಎಂಬ ಹೆಸರಿನ ಮನೆ, ಕ್ಯಾಮೆರಾ, ಗಾಳ, ಹಕ್ಕಿಗಳು. 2007ರಲ್ಲಿ ಅವರು ತೀರಿಕೊಂಡ ಮೇಲೆ ಈ ಚಿತ್ರ ಇನ್ನಷ್ಟು ಹೊಳಪು ಪಡೆದು, ಕಾಡಿನಂಚಿನ ಮನೆ ಕನ್ನಡದ ತರುಣರಿಗೆ ಒಂದು ಆದರ್ಶವೇ ಆಗಿಬಿಟ್ಟಿದೆ. ಆದರೆ ‘ಕರ್ವಾಲೊ’ (1980) ಕಾದಂಬರಿಯನ್ನೇ ತೆಗೆದುಕೊಳ್ಳಿ. ಅಲ್ಲಿ ಏಕಾಂತ ಎಲ್ಲಿದೆ? ಮಂದಣ್ಣ, ಪ್ಯಾರ, ಎಂಗ್ಟ, ಕರಿಯಪ್ಪ, ಪ್ರಭಾಕರ, ಜೇನು ಸೊಸೈಟಿ, ಪೊಲೀಸು, ಕೋರ್ಟು, ಎಲ್ಲ ಸೇರಿ ಒಂದು ಸಂತೆಯೇ ಇದೆ. ಹಾರುವ ಓತಿಯನ್ನು ಹುಡುಕಲು ಹೊರಟ ವಿಜ್ಞಾನಿಗೆ ದಾರಿ ತೋರಿಸುವವನು ಊರಿನವರು ದಡ್ಡನೆಂದು ತಿಳಿದ ಮಂದಣ್ಣ. ತೇಜಸ್ವಿ ಹಳ್ಳಿಗೆ ಹೋದದ್ದು ಜನರಿಂದ ಅಡಗಿಕೊಳ್ಳಲು ಅಲ್ಲ. ನಗರದ ಸಾಹಿತ್ಯವಲಯ ನೋಡದಿದ್ದ ಜನರನ್ನು ಅವರು ಅಲ್ಲಿ ಕಂಡರು ಎಂಬುದಕ್ಕೆ ಅವರ ಪುಸ್ತಕಗಳೇ ಸಾಕ್ಷಿ.

ಹೊರಗಿನ ಲೋಕದಿಂದ ಈ ಕನಸಿಗೆ ಸಾಕ್ಷಿಯಾಗಿ ತರುವ ಹೆಸರು ಅಮೆರಿಕದ ಹೆನ್ರಿ ಡೇವಿಡ್ ಥೋರೋ ಅವರದು. 1845ರ ಜುಲೈ 4ರಿಂದ 1847ರ ಸೆಪ್ಟೆಂಬರ್‌ವರೆಗೆ ಅವರು ವಾಲ್ಡನ್ ಎಂಬ ಕೊಳದ ದಡದಲ್ಲಿ, ತಮ್ಮ ಗೆಳೆಯ ಎಮರ್ಸನ್ ಅವರ ಜಮೀನಿನಲ್ಲಿ, ಕೈಯಾರೆ ಕಟ್ಟಿದ ಗುಡಿಸಲಿನಲ್ಲಿ ಬದುಕಿದರು. ‘ವಾಲ್ಡನ್’ (1854) ಪುಸ್ತಕ ಆ ಬದುಕಿನ ಕಥನ. ಆ ಪುಸ್ತಕದಲ್ಲೇ ಎರಡು ಸಂಗತಿಗಳಿವೆ. ಗುಡಿಸಲಿನ ಹಲಗೆಗಳಿಗಾಗಿ ಅವರು ರೈಲುದಾರಿಯಲ್ಲಿ ದುಡಿಯುತ್ತಿದ್ದ ಜೇಮ್ಸ್ ಕಾಲಿನ್ಸ್ ಎಂಬ ಐರಿಷ್ ಕೂಲಿಯ ಜೋಪಡಿಯನ್ನು ನಾಲ್ಕೂಕಾಲು ಡಾಲರಿಗೆ ಕೊಂಡರು. ಆ ಕುಟುಂಬ ಮರುದಿನ ಬೆಳಗಾಗುವಾಗಲೇ ಗಂಟುಮೂಟೆ ಕಟ್ಟಿಕೊಂಡು ಹೊರಡಬೇಕಾಯಿತು. ಎರಡನೆಯದು, ಆ ಕಾಡಿನಲ್ಲಿ ತಮಗಿಂತ ಮೊದಲು ಬದುಕಿದ್ದವರ ಬಗ್ಗೆ ಥೋರೋ ಒಂದು ಅಧ್ಯಾಯದಲ್ಲಿ ಬರೆಯುತ್ತಾರೆ. ಅವರಲ್ಲಿ ಹಲವರು ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯರು. ಊರೊಳಗೆ ನೆಲ ಸಿಗದವರು ಅವರು. ಕಾಡಿನ ಬರಡು ಅಂಚು ಅವರ ಪಾಲಿಗೆ ಉಳಿದಿತ್ತು. ಒಂದೇ ಕಾಡು ಥೋರೋಗೆ ಎರಡು ವರ್ಷದ ಆಯ್ಕೆ, ಅವರಿಗೆ ಜೀವಮಾನದ ಪಾಡು. ಥೋರೋ ಇದನ್ನು ಮುಚ್ಚಿಡಲಿಲ್ಲ. ಅವರನ್ನು ಆರಾಧಿಸುವವರು ಮಾತ್ರ ಆ ಪುಟಗಳನ್ನು ದಾಟಿ ಮುಂದೆ ಹೋಗುತ್ತಾರೆ.

ಈ ಸತ್ಯ ತಿಳಿಯಲು ಅಮೆರಿಕದವರೆಗೆ ಹೋಗಬೇಕಾಗಿಯೂ ಇಲ್ಲ. ನಮ್ಮ ಬಯಲುಸೀಮೆಯಲ್ಲಿ ಊರಾಚೆ ಇರುವುದು, ದಾರಿಗೆ ಕಾಣದಂತಿರುವುದು ಎಂದೂ ಭಾಗ್ಯವಾಗಿರಲಿಲ್ಲ. ಹೊಲಗೇರಿ, ಮಾದಿಗರ ಕೇರಿಗಳನ್ನು ಊರಿಂದ ಆಚೆಗಿಟ್ಟದ್ದು ಅಲ್ಲಿನವರಿಗೆ ಪ್ರಶಾಂತತೆ ಸಿಗಲಿ ಎಂದಲ್ಲ. ಸಿರಾ, ಮಧುಗಿರಿ, ಪಾವಗಡದ ಕಾಡುಗೊಲ್ಲರ ಹಟ್ಟಿಗಳೂ ಊರಿಂದ ದೂರವಿವೆ. ದನಕುರಿ ಕಟ್ಟಿಕೊಂಡು ಅಲೆದ ಜನರ ನೆಲೆಗಳು ಅವು. ಜುಂಜಪ್ಪ, ಎತ್ತಪ್ಪರ ದೊಡ್ಡ ಮೌಖಿಕ ಕಾವ್ಯಗಳನ್ನು ಉಳಿಸಿಕೊಟ್ಟ ಆ ಹಟ್ಟಿಗಳಿಗೆ ಕನ್ನಡ ಋಣಿಯಾಗಿರಬೇಕು. ಆದರೆ ಅದೇ ಹಟ್ಟಿಗಳ ಬೇಲಿಯಾಚೆ ಇನ್ನೊಂದು ಮನೆಯೂ ಇತ್ತು. ಮುಟ್ಟಾದ ಹೆಣ್ಣುಮಕ್ಕಳನ್ನು, ಬಾಣಂತಿಯರನ್ನು ಇರಿಸುವ ಗುಡಿಸಲು ಅದು. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಊರಾಚೆಯ ಗುಡಿಸಲಿನಲ್ಲಿ ತಾಯಿಯೊಡನೆ ಇದ್ದ ಹಸುಗೂಸು ಮಳೆಗಾಳಿಗೆ ಸಿಕ್ಕಿ ತೀರಿಕೊಂಡಿತು. ಸರ್ಕಾರ ಕೆಲವು ಹಟ್ಟಿಗಳ ಬಳಿ ‘ಕೃಷ್ಣ ಕುಟೀರ’ಗಳನ್ನು ಕಟ್ಟಿಸಿತು, ಗುಡಿಸಲು ಹೋಗಿ ಕಟ್ಟಡ ಬಂದರೂ ಊರಾಚೆ ಎಂಬುದು ಹೋಗಲಿಲ್ಲ. ಆ ಸಮುದಾಯದ ಒಳಗಿನವರೇ ಈ ಪದ್ಧತಿಯ ವಿರುದ್ಧ ದನಿ ಎತ್ತುತ್ತಿದ್ದಾರೆ ಎಂಬುದು ಸಮಾಧಾನದ ಸಂಗತಿ. ಹಸಿ ಬಾಣಂತಿಗೆ ಆ ರಾತ್ರಿ ಬೇಕಾಗಿದ್ದದ್ದು ಏಕಾಂತವಲ್ಲ. ಕೂಗಿದರೆ ಓಗೊಡುವ ಒಂದು ನೆರೆಮನೆ, ಆಂಬುಲೆನ್ಸ್ ಬರುವ ಒಂದು ರಸ್ತೆ.

ಇದನ್ನು ಬರೆಯುವಾಗ ಬೇರೆಯವರ ಹಟ್ಟಿಯ ಕಡೆ ಮಾತ್ರ ಬೆರಳು ತೋರಿಸಿ ಸುಮ್ಮನಾಗುವಂತಿಲ್ಲ. ಮರೆಯ ಮನೆಯ ಇನ್ನೊಂದು ಮುಖ ನಮ್ಮ ಸಮಾಜದಲ್ಲೂ ಇದೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾ ಹೊಳೆಯ ದಡದ ಚೆಲುವಾದ ಊರಿನವಳು. ಪ್ರಕೃತಿ ಅವಳಿಗೇನೂ ಕಡಿಮೆ ಮಾಡಿರಲಿಲ್ಲ. ಆದರೆ ತಂದೆ ಅವಳನ್ನು ಗಂಡನಿಂದ ಬಿಡಿಸಿ ಮನೆಯಲ್ಲಿರಿಸಿಕೊಂಡಾಗ ಆ ಮನೆಯಿಂದ ಹೊರಗೆ ಹೋಗುವ ದಾರಿಯೊಂದೂ ಅವಳ ಕೈಯಲ್ಲಿರಲಿಲ್ಲ. ಕೊನೆಗೆ ಅವಳಿಗೆ ಉಳಿದದ್ದು ಮಸೀದಿಯ ಕೆರೆ. ಗಂಡಸು ನೆಮ್ಮದಿಗೆಂದು ಕಟ್ಟುವ ಮರೆಯ ಮನೆ ಅಲ್ಲಿ ಹಗಲಿಡೀ ಇರಬೇಕಾದ ಹೆಣ್ಣಿಗೆ ಏನಾಗುತ್ತದೆ? ವಾರಕ್ಕೆರಡು ದಿನ ಅವನು ಪೇಟೆಗೆ ಹೋಗಿಬರುತ್ತಾನೆ, ಮೋಟರ್ ಸೈಕಲ್ಲಿನ ಕೀಲಿ ಅವನ ಜೇಬಿನಲ್ಲಿರುತ್ತದೆ. ನೀರು, ಸೌದೆ, ಅಡುಗೆ, ಮಕ್ಕಳ ಶಾಲೆ, ಜ್ವರ ಎಲ್ಲ ಅವಳ ಪಾಲಿಗೆ. ಮರೆಯ ಮನೆಯ ಕನಸು ಕಾಣುವವರಲ್ಲಿ ಗಂಡಸರೇ ಹೆಚ್ಚೇಕೆ ಎಂಬುದನ್ನು ನಮ್ಮ ಸ್ತ್ರೀವಾದಿ ವಿಮರ್ಶೆ ಕೇಳಿಕೊಳ್ಳಬೇಕಾಗಿದೆ.

ಇನ್ನು ನೆಲ ಮತ್ತು ನೀರಿನ ಮಾತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಗಳು ಉಳುವವನಿಗೆ ಭೂಮಿ ಎಂಬ ತತ್ವವನ್ನು ಹಿಡಿದಿದ್ದವು. ಬೇರೆ ಮೂಲದ ವರಮಾನ ಮಿತಿ ಮೀರಿದವರು ಮತ್ತು ಬೇಸಾಯ ಮಾಡದವರು ಕೃಷಿಭೂಮಿ ಕೊಳ್ಳದಂತೆ 79ಎ, 79ಬಿ ಕಲಮುಗಳು ತಡೆದಿದ್ದವು. ಆ ಕಲಮುಗಳಿಗೆ ನೂರು ಕಳ್ಳದಾರಿಗಳಿದ್ದವು ನಿಜ. ಆದರೂ ಹೊಲವೆಂಬುದು ವಿಹಾರದ ವಸ್ತುವಲ್ಲ ಎಂಬ ಒಂದು ಮಾತು ಕಾನೂನಿನಲ್ಲಿತ್ತು. 2020ರ ತಿದ್ದುಪಡಿ ಅವನ್ನು ತೆಗೆದುಹಾಕಿತು. ಅಲ್ಲಿಂದ ಮರೆಯ ಮನೆಯ ಕನಸಿಗೆ ಅಡ್ಡಿಯೇನೂ ಉಳಿಯಲಿಲ್ಲ. ಮಳೆ ಕೈಕೊಟ್ಟು, ಬೋರ್‌ವೆಲ್ ಸಾಲ ಮೈಮೇಲೆ ಬಂದ ರೈತನಿಗೆ ಎಕರೆ ಮಾರುವುದೊಂದೇ ದಾರಿಯಾಗಿ ಕಾಣುವ ಹೊತ್ತಿಗೆ ನಗರದ ಕಾರು ಅವನ ಹೊಲದ ಬದುವಿಗೆ ಬಂದು ನಿಲ್ಲುತ್ತದೆ. ಮಾರಿದವನು ನಗರಕ್ಕೆ ಹೋಗಿ ಕಾವಲುಗಾರನಾಗುತ್ತಾನೆ; ಕೊಂಡವನು ನಗರ ಬಿಟ್ಟು ಹಳ್ಳಿಗೆ ಬರುತ್ತಾನೆ. ಇಬ್ಬರೂ ಒಂದೇ ರಸ್ತೆಯಲ್ಲಿ ಎದುರುಬದುರಾಗಿ ಹೋಗುತ್ತಾರೆ.

ಬೇಲಿ ಎದ್ದ ಕೂಡಲೇ ಮೊದಲು ಮುಚ್ಚುವುದು ಕಾಲುದಾರಿ. ಬಂಡಿದಾರಿ ನಕಾಶೆಯಲ್ಲಿರಬಹುದು, ಆದರೆ ಕುರಿಮಂದೆ ನಡೆದು ನಡೆದು ಮಾಡಿದ ದಾರಿ, ಬೇಸಿಗೆಯಲ್ಲಿ ಹೆಂಗಸರು ಹುಣಸೆ ಆಯಲು ಹೋಗುವ ದಾರಿ ಯಾವ ನಕಾಶೆಯಲ್ಲೂ ಇರುವುದಿಲ್ಲ. ಎರಡನೆಯದು ನೀರು. ಮಧುಗಿರಿ, ಕೊರಟಗೆರೆ, ಸಿರಾ, ಪಾವಗಡದ ಸೀಮೆಯಲ್ಲಿ ತಲಪರಿಗೆ ಎಂಬ ವ್ಯವಸ್ಥೆಯಿದೆ. ಕೆರೆಯಂಗಳದಲ್ಲೋ ಹಳ್ಳದ ಬದಿಯಲ್ಲೋ ನೆಲದೊಳಗಿಂದ ತಾನಾಗಿ ಜಿನುಗುವ ಒರತೆಗೆ ಕಲ್ಲು ಕಟ್ಟಿ, ಕಾಲುವೆ ತೋಡಿ, ಸರದಿಯಂತೆ ಹೊಲಗಳಿಗೆ ಹಾಯಿಸಿಕೊಳ್ಳುವ ಪದ್ಧತಿ ಅದು. ಹೂಳು ತೆಗೆಯಲು ಮನೆಗೊಂದಾಳು ಬರಬೇಕು, ಬಂದವರಿಗೆ ನೀರು. ಅಲ್ಲಿ ನೀರೆಂದರೆ ನೆರೆಹೊರೆಯ ಒಪ್ಪಂದ. ಕೊಳವೆಬಾವಿ ಬಂದ ಮೇಲೆ ಬಹಳಷ್ಟು ತಲಪರಿಗೆಗಳು ಬತ್ತಿದವು. ನೂರಾರು ಅಡಿ ಆಳಕ್ಕೆ ಕೊರೆದ ಖಾಸಗಿ ಬೋರ್‌ವೆಲ್ ಕೂಡ ಒಂದು ಬಗೆಯ ಮರೆಯ ಮನೆಯೇ. ಯಾರನ್ನೂ ಕೇಳಬೇಕಾಗಿಲ್ಲ, ಯಾರೊಡನೆಯೂ ಸರದಿ ನಿಲ್ಲಬೇಕಾಗಿಲ್ಲ. ಬೇಲಿ ನೆಲದ ಮೇಲಷ್ಟೇ ಇರುತ್ತದೆ, ಕೆಳಗಿನ ನೀರಿಗೆ ಬೇಲಿಯಿಲ್ಲ. ಹೊಸ ತೋಟದ ಹಸಿರು ಪಕ್ಕದ ಹೊಲದ ಒಣಬಾವಿಯಿಂದಲೂ ಬಂದಿರಬಹುದು.

ಇಷ್ಟರವರೆಗೆ ಈ ಕನಸು ಉಳ್ಳವರದು ಎಂಬಂತೆ ಬರೆದೆವು. ಆದರೆ ಇದಕ್ಕೆ ಇನ್ನೊಂದು ರೂಪವಿದೆ. ಅದನ್ನು ನಾವು ಹೇಳದಿದ್ದರೆ ಬೇರೆ ಯಾರೂ ಹೇಳಲಾರರು. ಹೆಸರು ಕೇಳಿದ ಕೂಡಲೇ ಮನೆ ಖಾಲಿಯಿಲ್ಲ ಎನ್ನಿಸಿಕೊಂಡ ಮುಸ್ಲಿಂ ಕುಟುಂಬವೂ ರಸ್ತೆಗೆ ಕಾಣದ ಮನೆಯ ಕನಸು ಕಾಣುತ್ತದೆ. ಅದು ಹಕ್ಕಿಯ ಹಾಡು ಕೇಳಲಿಕ್ಕಲ್ಲ. ಯಾವ ಮೆರವಣಿಗೆಯೂ ಮುಂದೆ ಹಾಯದ, ಯಾರ ಕಣ್ಣೂ ಬೀಳದ ಒಂದು ಮೂಲೆ ಸಿಕ್ಕರೆ ಸಾಕು ಎಂಬ ದಣಿವು ಅದು. 2022ರ ಮಾರ್ಚಿನಲ್ಲಿ ಕರಾವಳಿಯಿಂದ ಆರಂಭವಾಗಿ ಹಲವೆಡೆ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗವಿಲ್ಲ ಎಂಬ ಬ್ಯಾನರುಗಳು ಎದ್ದಾಗ ಈ ದಣಿವು ಇನ್ನಷ್ಟು ಹೆಚ್ಚಿತು. ಇಂಥ ಕನಸನ್ನು ನಾವು ಹೇಗೆ ಟೀಕಿಸುವುದು? ಆದರೂ ಟೀಕಿಸಲೇಬೇಕು ಎನಿಸುತ್ತದೆ. ಬಯಲುಸೀಮೆಯ ಮುಸ್ಲಿಮರ ಬದುಕು ರಸ್ತೆಯ ಮೇಲಿನದು. ಬಳೆ, ಹಣ್ಣು, ಪಂಕ್ಚರ್ ಅಂಗಡಿ, ಕಲಾಯಿ, ಹುಣಸೆ ವ್ಯಾಪಾರ, ಲಾರಿ, ಸಂತೆ, ಎಲ್ಲವೂ ದಾರಿಹೋಕರನ್ನು ನಂಬಿದವು. ನಮ್ಮನ್ನು ರಸ್ತೆಯಿಂದ ಸರಿಸಬೇಕೆನ್ನುವವರ ಆಸೆಯನ್ನು ನಾವೇ ಅಡಗಿಕೊಂಡು ಪೂರೈಸಿಕೊಟ್ಟಂತಾಗಬಾರದು. ಮೈದನಹಳ್ಳಿಯ ಬಯಲಿನಲ್ಲಿ ಜಿಂಕೆಗೆ ಇರುವ ರಕ್ಷಣೆಯೇ ನಮಗೂ ಇರುವುದು: ಬಯಲಿನಲ್ಲಿ ಕಾಣುವಂತೆ ಇರುವುದು, ಜೊತೆಯವರೊಡನೆ ಇರುವುದು. ನಮ್ಮ ಹಿಂಡು ಎಂದರೆ ನಮ್ಮ ಜಮಾತಿನವರು ಮಾತ್ರ ಅಲ್ಲ. ಸಂತೆಯಲ್ಲಿ ಪಕ್ಕದಲ್ಲಿ ಕೂತು ಸೊಪ್ಪು ಮಾರುವ ಹೆಂಗಸೂ ಅದರಲ್ಲಿ ಸೇರಿದ್ದಾಳೆ.

ಏಕಾಂತಕ್ಕೆ ನಮ್ಮ ಪರಂಪರೆಯಲ್ಲಿ ಗೌರವದ ಸ್ಥಾನವಿದೆ. ಪ್ರವಾದಿಯವರು ಹಿರಾ ಗುಹೆಯಲ್ಲಿ ಧ್ಯಾನಕ್ಕೆ ಕೂರುತ್ತಿದ್ದರು. ಆದರೆ ಅವರು ಗುಹೆಯಲ್ಲಿ ಉಳಿಯಲಿಲ್ಲ. ಬೆಟ್ಟವಿಳಿದು ಖದೀಜಾರ ಬಳಿಗೆ, ಮಕ್ಕಾದ ಬೀದಿಗಳಿಗೆ ಮರಳಿದರು. 1095ರಲ್ಲಿ ಬಗ್ದಾದಿನ ದೊಡ್ಡ ಹುದ್ದೆ ಬಿಟ್ಟು ಹೊರಟ ಇಮಾಮ್ ಗಝಾಲಿ ವರ್ಷಗಟ್ಟಲೆ ಏಕಾಂತದಲ್ಲಿದ್ದು 1106ರಲ್ಲಿ ಮತ್ತೆ ಪಾಠ ಹೇಳಲು ನಿಶಾಪುರಕ್ಕೆ ಬಂದರು. ತಮ್ಮ ‘ಇಹ್ಯಾ’ ಗ್ರಂಥದಲ್ಲಿ ಅವರು ಏಕಾಂತದ ಲಾಭನಷ್ಟಗಳನ್ನು ಒಂದು ಅಧ್ಯಾಯದುದ್ದಕ್ಕೂ ತೂಗಿ ನೋಡಿದ್ದಾರೆ. ಚಾಡಿ, ತೋರಿಕೆಗಳಿಂದ ಪಾರಾಗಬಹುದು ಎಂಬುದು ಲಾಭ. ಕಲಿಯುವುದು, ಕಲಿಸುವುದು, ಕಾಯಿಲೆಯವರನ್ನು ನೋಡಿಬರುವುದು, ಜನಾಜಕ್ಕೆ ಹೆಗಲು ಕೊಡುವುದು ತಪ್ಪಿಹೋಗುತ್ತದೆ ಎಂಬುದು ನಷ್ಟ. ನಕ್ಷಬಂದಿ ಸೂಫಿಗಳಂತೂ ಜನರ ನಡುವೆಯೇ ಏಕಾಂತ ಎಂಬುದನ್ನು ತಮ್ಮ ನಿಯಮಗಳಲ್ಲೊಂದಾಗಿ ಮಾಡಿಕೊಂಡರು. ನೆರೆಮನೆಯವರ ಹಸಿವಿನ ಲೆಕ್ಕ ನಮ್ಮ ಮೇಲಿದೆ ಎಂದು ಕಲಿತ ನಾವು, ನೆರೆಯೇ ಇಲ್ಲದ ಕಡೆ ಮನೆ ಕಟ್ಟಿಕೊಂಡರೆ ಆ ಲೆಕ್ಕ ತೀರಿತೆಂದು ಭಾವಿಸಬಹುದೇ?

ಹಾಗೆಂದು ಹಳ್ಳಿಗೆ ಹೋಗಬೇಡಿ, ಮರ ನೆಡಬೇಡಿ ಎಂದು ನಾವು ಹೇಳುತ್ತಿಲ್ಲ. ಪುರವರದಂಥ ಸೀಮೆಗೆ ಕಲಿತವರು, ನಾಲ್ಕು ಕಾಸು ಉಳಿಸಿದವರು ಬಂದು ನೆಲೆಸಿದರೆ ಒಳ್ಳೆಯದೇ. ಶಾಲೆಗೆ ಒಬ್ಬ ಅರಿತ ಪೋಷಕ ಸಿಗಬಹುದು, ಗ್ರಾಮಸಭೆಗೆ ಪ್ರಶ್ನೆ ಕೇಳುವವರು ಸಿಗಬಹುದು. ಬರುವವರು ಮೂರು ಮಾತು ಕೇಳಿಕೊಂಡು ಬಂದರೆ ಸಾಕು: ನಮ್ಮ ಬೇಲಿಯಿಂದ ಯಾರ ಕಾಲುದಾರಿ ಮುಚ್ಚುತ್ತದೆ? ನಮ್ಮ ಬಾವಿಯಿಂದ ಯಾರ ಬಾವಿ ಬತ್ತುತ್ತದೆ? ರಾತ್ರಿ ನಮ್ಮ ಮನೆಯಲ್ಲಿ ಯಾರಾದರೂ ಕೂಗಿದರೆ ಯಾರಿಗೆ ಕೇಳಿಸುತ್ತದೆ? ಈ ಮೂರಕ್ಕೆ ಉತ್ತರ ಇಟ್ಟುಕೊಂಡು ಕಟ್ಟಿದ ಮನೆ ರಸ್ತೆಗೆ ಕಾಣಿಸಿದರೂ ಕಾಣಿಸದಿದ್ದರೂ ಊರಿನ ಮನೆಯೇ ಆಗಿರುತ್ತದೆ.